ಹಗೆಗೂ ಪಾಲಿಗೂ ಇರುವ ನಂಟು

ಪ್ರಶ್ನೆ: ನಮ್ಮದು ಕೊಪ್ಪಳದ ಕಡೆಯ ಹಳ್ಳಿ. ನಮ್ಮ ಅಜ್ಜಿ "ಅವರ ಮನೆಗೂ ನಮ್ಮ ಮನೆಗೂ ಹಗೆ" ಅನ್ನುತ್ತಿದ್ದರು. ಜೋಳ ತುಂಬಿಡುವ ನೆಲದೊಳಗಿನ ಗುಂಡಿಗೂ ಅವರು ಹಗೆ ಅನ್ನುತ್ತಿದ್ದರು, ಕೆಲವೊಮ್ಮೆ ಹಗೇವು ಅನ್ನುತ್ತಿದ್ದರು. ಇವೆರಡೂ ಒಂದೇ ಪದವಾ? ಮಗಳ ಶಾಲೆಯ ಪುಸ್ತಕದಲ್ಲಿ "ಹಗೆ = ದ್ವೇಷ" ಎಂದು ಕೊಟ್ಟಿದ್ದಾರೆ. ನನ್ನ ಗೆಳೆಯರೊಬ್ಬರು ಹೊಗೆಯಿಂದಲೇ ಹಗೆ ಬಂತು ಎನ್ನುತ್ತಾರೆ. ನಿಜಕ್ಕೂ ಈ ಪದ ಎಲ್ಲಿಂದ ಬಂತು?

ಉತ್ತರ: ನಿಮ್ಮ ಅಜ್ಜಿಯ ಮಾತಿನಿಂದಲೇ ಶುರು ಮಾಡುತ್ತೇನೆ. ಅರ್ಧ ಉತ್ತರ ಆ ಒಂದು ವಾಕ್ಯದಲ್ಲೇ ಇದೆ.

"ಅವರ ಮನೆಗೂ ನಮ್ಮ ಮನೆಗೂ ಹಗೆ." ಇದರಲ್ಲಿ ಎರಡು ಸಲ "ಗೂ" ಬಂದಿದೆ. ಈಗ ದ್ವೇಷ ಎಂಬ ಪದವನ್ನು ಹಳ್ಳಿಯ ಜನ ಹೇಗೆ ಬಳಸುತ್ತಾರೆ ಅಂತ ನೆನಪು ಮಾಡಿಕೊಳ್ಳಿ. "ಅವನಿಗೆ ನನ್ನ ಮೇಲೆ ದ್ವೇಷ." ಸಿಟ್ಟು, ಕೋಪ, ಮುನಿಸು ಎಲ್ಲವೂ ಹೀಗೇ. ಒಬ್ಬರಿಗೆ ಇನ್ನೊಬ್ಬರ "ಮೇಲೆ" ಬರುತ್ತವೆ. ನನಗೆ ನಿಮ್ಮ ಮೇಲೆ ದ್ವೇಷ ಇದ್ದು, ನಿಮಗೆ ಅದು ಗೊತ್ತೇ ಇಲ್ಲದಿರಬಹುದು. ಹಗೆ ಹಾಗಲ್ಲ. ಅದಕ್ಕೆ ಎರಡು ಕಡೆ ಬೇಕು. "ಅವರಿಗೂ ನಮಗೂ" ಅಂತ ಹೇಳಿಯೇ ಅದನ್ನು ಆಡಬೇಕು. ಕನ್ನಡದಲ್ಲಿ ಇದೇ ರೀತಿ ನಡೆಯುವ ಇನ್ನೊಂದು ಪದ ಇದೆ: "ಅವರಿಗೂ ನಮಗೂ ನಂಟು."

ನಂಟು ಮತ್ತು ಹಗೆ, ಎರಡೂ ಇಬ್ಬರ ನಡುವೆ ಇರುವ ಸ್ಥಿತಿಗೆ ಇಟ್ಟ ಹೆಸರುಗಳು. ಒಬ್ಬರ ಎದೆಯೊಳಗಿನ ಭಾವನೆ ಆಮೇಲಿನ ಮಾತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವುದೆಲ್ಲ ಸುಲಭವಾಗಿ ಹಿಡಿತಕ್ಕೆ ಬರುತ್ತದೆ.

ಮೊದಲು ಪದದ ರೂಪ ನೋಡೋಣ. ಹಗೆ ಎಂಬುದು ಹಳಗನ್ನಡದಲ್ಲಿ "ಪಗೆ" ಆಗಿತ್ತು. 10ನೇ ಶತಮಾನದ ಪಂಪ, ರನ್ನರ ಕಾವ್ಯಗಳಲ್ಲಿ ಕಾಣುವುದು ಪಗೆಯೇ. ಆಮೇಲೆ ಪದದ ಮೊದಲಲ್ಲಿದ್ದ "ಪ" ನಿಧಾನವಾಗಿ "ಹ" ಆಯಿತು. ಪುಲಿ ಹೋಗಿ ಹುಲಿ ಬಂತು. ಪೂ ಹೂವಾಯಿತು, ಪತ್ತು ಹತ್ತಾಯಿತು, ಪಳ್ಳಿ ಹಳ್ಳಿಯಾಯಿತು. ಬಾದಾಮಿಯಲ್ಲಿ ಕಪ್ಪೆ ಅರಭಟ್ಟನ ಶಾಸನ ಇದೆಯಲ್ಲ, ಸುಮಾರು 700ನೇ ಇಸವಿಯದು, ಅದರಲ್ಲಿ "ಮಾಧವನೀತನ್ ಪೆಱನಲ್ಲ" ಎಂಬ ಮಾತು ಬರುತ್ತದೆ. ಬೇರೆ ಯಾರೂ ಅಲ್ಲ, ಇವನು ಮಾಧವನೇ ಎಂದರ್ಥ. ಆ "ಪೆಱ" ಮುಂದೆ "ಹೆರ" ಆಯಿತು. 10ನೇ ಶತಮಾನದ ಹೊತ್ತಿಗೆ ಈ ಹಕಾರ ಅಲ್ಲಲ್ಲಿ ಕಾಣಿಸಿಕೊಂಡಿತ್ತು. 12ನೇ ಶತಮಾನದ ವಚನಗಳ ಹೊತ್ತಿಗೆ ಜನರ ಮಾತಿನಲ್ಲಿ ಚೆನ್ನಾಗಿ ಬೇರೂರಿತ್ತು. ಪಗೆ ಹಗೆಯಾದದ್ದು ಈ ದೊಡ್ಡ ಬದಲಾವಣೆಯ ಒಂದು ಸಣ್ಣ ಭಾಗ ಅಷ್ಟೇ. ಪಕ್ಕದ ತುಳುವಿಗೆ ಈ ಬದಲಾವಣೆ ಮುಟ್ಟಲಿಲ್ಲ. ಅಲ್ಲಿ ಹುಲಿ ಇವತ್ತಿಗೂ ಪಿಲಿ, ಹಗೆ ಇವತ್ತಿಗೂ ಪಗೆ.

ಹಾಗಾದರೆ ಈ ಪಗೆ ಎಲ್ಲಿಂದ ಬಂತು? ಸಂಸ್ಕೃತದಿಂದ ಬಂದದ್ದಂತೂ ಅಲ್ಲ. ನೆರೆಯ ಭಾಷೆಗಳನ್ನು ಒಮ್ಮೆ ಸುತ್ತಿ ಬಂದರೆ ಗೊತ್ತಾಗುತ್ತದೆ. ತಮಿಳಿನಲ್ಲಿ ಪಗೈ. ಮಲಯಾಳದಲ್ಲಿ ಪಕ. ತೆಲುಗಿನಲ್ಲಿ ಪಗ. ಸುಮ್ನೆ ಹೋಲಿಕೆ ಇರಬಹುದು ಅಂತ ಅನುಮಾನ ಬಂದರೆ ಬೇರೆ ಪದಗಳನ್ನು ಪಕ್ಕದಲ್ಲಿ ಇಟ್ಟು ನೋಡಿ. ನಮ್ಮ ತಲೆ ತಮಿಳಿನಲ್ಲಿ ತಲೈ, ಮಲಯಾಳದಲ್ಲಿ ತಲ, ತೆಲುಗಿನಲ್ಲಿ ತಲ. ನಮ್ಮಲ್ಲಿ ಕೊನೆಗೆ "ಎ" ಇದ್ದ ಕಡೆ ತಮಿಳಿನಲ್ಲಿ "ಐ", ಉಳಿದ ಎರಡರಲ್ಲಿ "ಅ". ಪಗೆಯೂ ಚಾಚೂ ತಪ್ಪದೆ ಇದೇ ದಾರಿಯಲ್ಲಿ ನಡೆಯುತ್ತದೆ. ಒಂದು ಭಾಷೆ ಇನ್ನೊಂದರಿಂದ ಇತ್ತೀಚೆಗೆ ಸಾಲ ತಂದ ಪದ ಇಷ್ಟು ಶಿಸ್ತಾಗಿ ನಡೆಯುವುದು ಅಪರೂಪ. ಈ ಭಾಷೆಗಳು ಬೇರೆಯಾಗುವ ಮೊದಲೇ, ಎಲ್ಲವೂ ಒಂದೇ ಮನೆಯಲ್ಲಿದ್ದಾಗಲೇ, ಈ ಪದ ಇತ್ತು.

ಈಗ ಮುಖ್ಯ ವಿಷಯಕ್ಕೆ ಬರೋಣ. ತಮಿಳಿನಲ್ಲಿ "ಪಗು" ಎಂಬ ಹಳೆಯ ಕ್ರಿಯಾಪದ ಇದೆ. ಸೀಳು, ಒಡೆ, ಎರಡಾಗು ಎಂಬುದು ಅದರ ಅರ್ಥ. ಅದರಿಂದ ಹುಟ್ಟಿದ ಪದಗಳು ಇವತ್ತೂ ಓಡಾಡುತ್ತಿವೆ. ತಮಿಳಿನ ಪಗುದಿ ಅಂದರೆ ಒಂದು ಭಾಗ. ಮಲಯಾಳದ ಪಗುತಿ ಅಂದರೆ ಅರ್ಧ. ತಮಿಳಿನಲ್ಲಿ ಫೇಸ್‌ಬುಕ್ ಬಳಸುವವರ ಫೋನ್ ನೋಡಿ, ಶೇರ್ ಮಾಡುವ ಗುಂಡಿಯ ಮೇಲೆ "ಪಗಿರ್" ಎಂದಿರುತ್ತದೆ. ಹಂಚಿಕೊಳ್ಳು ಎಂದರ್ಥ. ತೆಲುಗಿನಲ್ಲಿ ಪಗುಲು ಅಂದರೆ ಬಿರುಕು ಬಿಡು, ಒಡೆ. ಮಡಕೆಯೂ ಪಗುಲುತ್ತದೆ, ಗೋಡೆಯೂ ಪಗುಲುತ್ತದೆ.

ಟಿ. ಬರೋ ಮತ್ತು ಎಂ. ಬಿ. ಎಮೆನೋ ಎಂಬ ಇಬ್ಬರು ವಿದ್ವಾಂಸರು ದ್ರಾವಿಡ ಭಾಷೆಗಳ ಪದಗಳನ್ನು ಮೂಲದ ಪ್ರಕಾರ ಗುಂಪು ಮಾಡಿ 1961ರಲ್ಲಿ ಒಂದು ದೊಡ್ಡ ನಿಘಂಟು ತಂದರು. 1984ರಲ್ಲಿ ಅದರ ಪರಿಷ್ಕೃತ ರೂಪ ಬಂತು. ಅದರಲ್ಲಿ ಸೀಳು ಎಂಬ ಅರ್ಥದ ಪಗು ಮತ್ತು ಹಗೆ ಎಂಬ ಅರ್ಥದ ಪಗೈ ಒಂದೇ ಗುಂಪಿನಲ್ಲಿವೆ. ನಮ್ಮ ಹಗೆಯೂ ಅಲ್ಲೇ ಇದೆ. ಆ ಗುಂಪಿನಲ್ಲಿ ಕನ್ನಡದ ಇನ್ನೂ ಎರಡು ಪದಗಳಿವೆ. ಪಾಲು ಮತ್ತು ಹಂಚು.

ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಪಾಲು, ಹಂಚು, ಹಗೆ. ಒಂದೇ ತಾಯಿಯ ಮಕ್ಕಳು. ಒಂದಾಗಿದ್ದದ್ದು ಎರಡಾದರೆ ಸಿಗುವ ತುಂಡು ಪಾಲು. ಎರಡು ಮಾಡಿ ಕೊಡುವ ಕೆಲಸ ಹಂಚುವುದು. ಎರಡಾದ ಮೇಲೆ ನಡುವೆ ಉಳಿಯುವ ಸೀಳು ಹಗೆ.

ಪಾಲು ಮಾತ್ರ ತನ್ನ ಹಳೆಯ "ಪ"ವನ್ನು ಬಿಟ್ಟುಕೊಡಲಿಲ್ಲ. ಬಿಟ್ಟುಕೊಟ್ಟಿದ್ದರೆ ಹಾಲಾಗುತ್ತಿತ್ತು, ಕುಡಿಯುವ ಹಾಲಿನ ಜೊತೆ ಗೊಂದಲವಾಗುತ್ತಿತ್ತು. ಅದಕ್ಕೇ ಉಳಿಯಿತು ಎಂಬುದು ನನ್ನ ಊಹೆ. ಹೀಗೆ ಒಂದಕ್ಕೆ ಪ, ಇನ್ನೊಂದಕ್ಕೆ ಹ ಆದದ್ದರಿಂದ ಇವೆರಡೂ ಒಡಹುಟ್ಟು ಅಂತ ನಮಗೆ ಮೇಲ್ನೋಟಕ್ಕೆ ಹೊಳೆಯುವುದಿಲ್ಲ.

ಮೂಲದಲ್ಲಿ ಸೀಳು ಇದ್ದಿರಬಹುದು, ಆದರೆ ಆಡುವ ಜನರಿಗೆ ಅದು ನೆನಪಿತ್ತೇ ಎಂದು ನೀವು ಕೇಳಬಹುದು. ಕನಿಷ್ಠ ತಮಿಳಿನಲ್ಲಿ ಒಬ್ಬರಿಗಂತೂ ಚೆನ್ನಾಗಿ ನೆನಪಿತ್ತು. ಅವನು ತಿರುವಳ್ಳುವರ್. ಅವನ ತಿರುಕ್ಕುರಳಿನಲ್ಲಿ (ಕುರಳ್ ಅಂದರೆ ಎರಡು ಸಾಲಿನ ಪದ್ಯ) ಹಗೆಯ ಬಗ್ಗೆಯೇ ಸಾಲಾಗಿ ಅಧ್ಯಾಯಗಳಿವೆ. 89ನೆಯದು "ಉಟ್ಪಗೈ", ಅಂದರೆ ಒಳಗಿನ ಹಗೆ, ಒಂದೇ ಮನೆಯವರ ನಡುವಿನ ಹಗೆ. ಅದರಲ್ಲಿ 889ನೇ ಕುರಳ್ ಹೇಳುವುದು ಇಷ್ಟು: ಎಳ್ಳಿನ ಸೀಳಿನಷ್ಟು ಸಣ್ಣದಾಗಿದ್ದರೂ ಒಳಹಗೆಯಲ್ಲಿ ಕೇಡು ಇದೆ. ಎಳ್ಳಿನ ಸೀಳು ಎಂಬುದಕ್ಕೆ ಕವಿ ಬಳಸಿದ ಪದ "ಎಟ್ಪಗವು". ಎಳ್ಳು, ಪಗವು. ಈ ಪಗವು ಹುಟ್ಟಿದ್ದು ಪಗುವಿನಿಂದಲೇ. ಹಗೆಗೆ ಬಳಸಿದ ಪದ "ಉಟ್ಪಗೈ". ಎರಡು ಸಾಲಿನ ಪದ್ಯದಲ್ಲಿ ಎರಡನ್ನೂ ಎದುರುಬದುರು ಕೂರಿಸಿದ್ದಾನೆ. ಎಳ್ಳು ಎಷ್ಟು ದೊಡ್ಡದು? ಅದನ್ನು ಸೀಳಿದರೆ ಸಿಗುವ ಚೂರು ಎಷ್ಟು? ಆ ಚೂರಿನಷ್ಟು ಬಿರುಕು ಸಾಕು ಅನ್ನುತ್ತಾನೆ. ಇನ್ನೊಂದು ಕುರಳಿನಲ್ಲಿ, 887ನೆಯದು, ಡಬ್ಬಿ ಮತ್ತು ಮುಚ್ಚಳದ ಹೋಲಿಕೆ ಕೊಡುತ್ತಾನೆ. ಮುಚ್ಚಳ ಹಾಕಿದ ಡಬ್ಬಿ ನೋಡುವವರಿಗೆ ಒಂದೇ ವಸ್ತುವಿನಂತೆ ಕಾಣುತ್ತದೆ. ಆದರೆ ಅವು ಎರಡೇ. ಒಳಹಗೆ ಇರುವ ಮನೆಯೂ ಹಾಗೇ, ಕೂಡಿದಂತೆ ಕಂಡರೂ ಕೂಡಿರುವುದಿಲ್ಲ.

ಕನ್ನಡದವರಿಗೆ ಹಗೆಯೊಳಗಿನ ಸೀಳು ಮರೆತುಹೋಯಿತು. ಪಗು ಎಂಬ ಕ್ರಿಯಾಪದ ನಮ್ಮ ಇವತ್ತಿನ ಮಾತಿನಲ್ಲಿ ಇಲ್ಲ. ಆದರೆ ಅದೇ ಚಿತ್ರವನ್ನು ನಾವು ಬೇರೆ ಪದಗಳಲ್ಲಿ ಮತ್ತೆ ಮತ್ತೆ ಕಟ್ಟಿಕೊಂಡಿದ್ದೇವೆ. ಮನಸ್ಸು ಒಡೆಯಿತು ಅನ್ನುತ್ತೇವೆ. ಮನೆ ಒಡೆಯಿತು ಅನ್ನುತ್ತೇವೆ. ಅಣ್ಣತಮ್ಮಂದಿರ ನಡುವೆ ಬಿರುಕು ಬಂತು, ಪಕ್ಷದಲ್ಲಿ ಒಡಕು ಮೂಡಿತು ಅನ್ನುತ್ತೇವೆ. ಹಳೆಯ ಪದದ ಒಳಗಿನ ಚಿತ್ರ ಮಾಸಿಹೋದಾಗ ಭಾಷೆ ಅದನ್ನು ಹೊಸ ಬಣ್ಣದಲ್ಲಿ ಬರೆದುಕೊಂಡಿದೆ.

ಇಲ್ಲಿ ನನ್ನ ಚಿಕ್ಕಂದಿನ ಒಂದು ವಿಷಯ ಹೇಳಬೇಕು. ನಮ್ಮ ಬೀದಿಯಲ್ಲಿ ಒಂದು ತೊಟ್ಟಿ ಮನೆ ಪಾಲಾಯಿತು. ಅಣ್ಣತಮ್ಮಂದಿರು ಇಬ್ಬರು. ಹೊಲ ಅಳೆದರು, ಪಾತ್ರೆ ಎಣಿಸಿದರು, ನಡುಮನೆಗೆ ಅಡ್ಡಗೋಡೆ ಹಾಕಿದರು. ಹಿತ್ತಲ ಬಾವಿಯನ್ನು ಮಾತ್ರ ಎರಡು ಮಾಡಲು ಆಗಲಿಲ್ಲ. ಬೆಳಗ್ಗೆ ಒಬ್ಬರು, ಸಂಜೆ ಒಬ್ಬರು ಸೇದಬೇಕು ಅಂತ ಹಿರಿಯರು ಹೇಳಿದರು. ಬಾವಿ ಒಂದೇ, ಹಗ್ಗ ಎರಡು. ಆಮೇಲೆ ಎಷ್ಟೋ ವರ್ಷ ಆ ಎರಡು ಮನೆಗಳ ನಡುವೆ ಮಾತಿರಲಿಲ್ಲ. ಊರಿನವರು ಅದನ್ನು ದ್ವೇಷ ಅನ್ನುತ್ತಿರಲಿಲ್ಲ. "ಅವರಿಗೂ ಇವರಿಗೂ ಹಗೆ ಬಿದ್ದೈತೆ" ಅನ್ನುತ್ತಿದ್ದರು. ಅವರಲ್ಲಿ ಒಬ್ಬರಾದರೂ ಇನ್ನೊಬ್ಬರ ಕೇಡು ಬಯಸಿದ್ದನ್ನು ನಾನು ಕಂಡಿಲ್ಲ. ತಮ್ಮ ಜ್ವರ ಬಂದು ಮಲಗಿದಾಗ ಅಣ್ಣ ಆ ಗೋಡೆಯ ಹತ್ತಿರ ನಿಂತು ಕಿವಿಗೊಡುತ್ತಿದ್ದದ್ದನ್ನು ಕಂಡಿದ್ದೇನೆ. ಆದರೂ ಹಗೆ ಇತ್ತು. ಪುಸ್ತಕದಲ್ಲಿ ಪಾಲು ಮತ್ತು ಹಗೆಯನ್ನು ಅಕ್ಕಪಕ್ಕ ನೋಡಿದಾಗ ನನಗೆ ನೆನಪಾದದ್ದು ಆ ಗೋಡೆ.

ನಮ್ಮ ಗಾದೆ ಇದನ್ನು ಚೆನ್ನಾಗಿ ಹೇಳುತ್ತದೆ: ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು. ದಾಯಾದಿ ಎಂಬ ಪದ ಸಂಸ್ಕೃತದ "ದಾಯಾದ"ದಿಂದ ಬಂದದ್ದು. ದಾಯ ಅಂದರೆ ಹಿರಿಯರಿಂದ ಬರುವ ಆಸ್ತಿ, ದಾಯಾದ ಅಂದರೆ ಅದರಲ್ಲಿ ಪಾಲು ಪಡೆಯುವವನು. ಇಷ್ಟೇ ಅದರ ಅರ್ಥ, ಜಗಳದ ಸುಳಿವೂ ಇಲ್ಲ. ಈ ದಾಯದ ಹಂಚಿಕೆಯ ಬಗ್ಗೆ ಭಾರತದಲ್ಲೇ ಅತಿ ಹೆಚ್ಚು ಹೆಸರು ಮಾಡಿದ ಗ್ರಂಥ ಮಿತಾಕ್ಷರಾ. ಅದು ಬರೆಯಲ್ಪಟ್ಟದ್ದು ನಮ್ಮ ಇವತ್ತಿನ ಬಸವಕಲ್ಯಾಣದಲ್ಲಿ. ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ. ಅಲ್ಲಿ ದಾಯಾದ ಎಂಬುದು ಬರೀ ಕಾನೂನಿನ ಪದ. ಆದರೆ ಕನ್ನಡದ ಬಾಯಿಗೆ ಬಂದ ಮೇಲೆ ದಾಯಾದಿ ಅಂದರೆ ಜಗಳ ಕಣ್ಣ ಮುಂದೆ ಬರುತ್ತದೆ. ದಾಯಾದಿ ಕಲಹ, ದಾಯಾದಿ ಮತ್ಸರ ಅಂತಲೇ ನಾವು ಹೇಳುವುದು. ಸಂಸ್ಕೃತದ ಪಾಲುಗಾರ ಕನ್ನಡದಲ್ಲಿ ಹಗೆಯವನಾದ.

ದೂರದ ಒಂದು ಭಾಷೆಯಲ್ಲೂ ಇದೇ ಆಗಿದೆ. ನಾವೆಲ್ಲ ಬಳಸುವ ಇಂಗ್ಲಿಷಿನ "ರೈವಲ್" ಎಂಬ ಪದ ಲ್ಯಾಟಿನ್ ಭಾಷೆಯ "ರೀವಾಲಿಸ್"ನಿಂದ ಬಂದದ್ದು. "ರೀವುಸ್" ಅಂದರೆ ತೊರೆ, ಹಳ್ಳ. ಒಂದೇ ತೊರೆಯ ನೀರನ್ನು ಹಂಚಿಕೊಂಡು ಬಳಸುವ ಅಕ್ಕಪಕ್ಕದವರು ರೀವಾಲಿಸ್‌ಗಳು. ನಾಲೆಯ ಕೊನೆಯಲ್ಲಿ ಗದ್ದೆ ಇರುವ ಯಾವ ರೈತನಿಗೂ ಈ ಪದದ ಹುಟ್ಟನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಗೆಗೆ ಎದುರಾದ ಪದದ ಮೂಲವನ್ನೂ ಹೇಳಿಬಿಡುತ್ತೇನೆ. ನಂಟು ಹಳಗನ್ನಡದ ನಣ್ಪು ಎಂಬುದರ ಬಳಗದ್ದು. ತಮಿಳಿನ ನಟ್ಪು, ಅಂದರೆ ಗೆಳೆತನ, ಅದರ ಒಡಹುಟ್ಟು. ತಮಿಳಿನಲ್ಲಿ ನಣ್ಣು ಎಂಬ ಕ್ರಿಯಾಪದ ಇದೆ. ಹತ್ತಿರ ಬರು ಎಂದರ್ಥ. ಹತ್ತಿರ ಬಂದದ್ದು ನಂಟಾಯಿತು, ಸೀಳಿ ದೂರವಾದದ್ದು ಹಗೆಯಾಯಿತು. ನಿಮ್ಮ ಅಜ್ಜಿಯ ವಾಕ್ಯದಲ್ಲಿ ಎರಡಕ್ಕೂ ಎರಡೆರಡು "ಗೂ" ಬೇಕಾಗುವುದು ಇದಕ್ಕೇ. ಇಬ್ಬರ ನಡುವಿನ ದೂರವನ್ನು ಒಬ್ಬರಿಂದ ಅಳೆಯಲು ಆಗುವುದಿಲ್ಲ ಅಲ್ವಾ?

ಇನ್ನು ದ್ವೇಷ, ವೈರ, ಮುನಿಸು. ಶಾಲೆಯ ಪುಸ್ತಕಗಳು ಇವನ್ನೆಲ್ಲ ಒಂದೇ ಸಾಲಿನಲ್ಲಿ ಬರೆದು ಸಮಾನಾರ್ಥಕ ಪದಗಳು ಅನ್ನುತ್ತವೆ. ನನಗೆ ಇದು ಒಪ್ಪಿಗೆ ಇಲ್ಲ.

ಮುನಿಸು ಅಪ್ಪಟ ಕನ್ನಡ ಪದ. ಮುನಿ ಅಂದರೆ ಸಿಟ್ಟಾಗು. ತಪಸ್ಸು ಮಾಡುವ ಮುನಿ ಸಂಸ್ಕೃತದವನು, ಅವನಿಗೂ ಇದಕ್ಕೂ ಸಂಬಂಧ ಇಲ್ಲ. "ತನಗೆ ಮುನಿವರಿಗೆ ತಾ ಮುನಿಯಲೇಕಯ್ಯಾ" ಎಂದು ಬಸವಣ್ಣನವರು ಕೇಳುವುದು ಈ ಮುನಿಯನ್ನೇ. ಮುನಿಸು ಬರುತ್ತದೆ, ಹೋಗುತ್ತದೆ. ಹೆಚ್ಚಾಗಿ ಹತ್ತಿರದವರ ಮೇಲೇ ಬರುತ್ತದೆ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅನ್ನುವಾಗ ನಾವು ಹೇಳುತ್ತಿರುವುದು ಮುನಿಸಿನ ಬಗ್ಗೆ. ಮಕ್ಕಳು ಟೂ ಬಿಡುವುದೂ ಇದೇ ಜಾತಿ. ಬೆಳಗ್ಗೆ ಬಿಟ್ಟ ಟೂ ಮಧ್ಯಾಹ್ನ ಊಟದ ಡಬ್ಬಿ ತೆಗೆಯುವ ಹೊತ್ತಿಗೆ ಮುಗಿದಿರುತ್ತದೆ. ಮುನಿಸನ್ನು ಯಾರೂ "ಕಟ್ಟಿಕೊಳ್ಳುವುದಿಲ್ಲ". ಹಗೆಯನ್ನು ಕಟ್ಟಿಕೊಳ್ಳುತ್ತಾರೆ.

ವೈರದ ಕಥೆ ಬಹಳ ದೊಡ್ಡದು. ಈ ಸಂಸ್ಕೃತ ಪದ "ವೀರ"ದಿಂದ ಹುಟ್ಟಿದ್ದು. ವೀರ ಅಂದರೆ ಹಳೆಯ ಅರ್ಥದಲ್ಲಿ ಗಂಡಾಳು. ಒಬ್ಬ ಆಳನ್ನು ಕೊಂದರೆ ಸತ್ತವನ ಕಡೆಯವರಿಗೂ ಕೊಂದವನಿಗೂ ನಡುವೆ ಉಳಿಯುವ ಬಾಕಿಯೇ ವೈರ. ಆಪಸ್ತಂಬ ಧರ್ಮಸೂತ್ರ ಎಂಬ ಹಳೆಯ ಸಂಸ್ಕೃತ ಗ್ರಂಥದಲ್ಲಿ ಇದರ ಲೆಕ್ಕ ನೇರವಾಗಿ ಸಿಗುತ್ತದೆ. ಕ್ಷತ್ರಿಯನನ್ನು ಕೊಂದವನು ವೈರ ತೀರಿಸಲು 1000 ಹಸು ಕೊಡಬೇಕು. ವೈಶ್ಯನಿಗೆ 100, ಶೂದ್ರನಿಗೆ 10. ಜೊತೆಗೆ ಒಂದು ಹೋರಿ. ಜೀವಕ್ಕೆ ಜಾತಿಯ ಮೇಲೆ ಬೆಲೆ ಕಟ್ಟಿದ ಈ ಲೆಕ್ಕ ಓದುವಾಗ ಎದೆ ಭಾರವಾಗುತ್ತದೆ. ಪದದ ಮಟ್ಟಿಗೆ ನೋಡಿದರೆ, ವೈರ ಅಲ್ಲಿ ಭಾವನೆಗಿಂತ ಜಾಸ್ತಿ ಸಾಲದ ಹಾಗಿದೆ. ಕೊಟ್ಟರೆ ತೀರುತ್ತದೆ.

ಈ ಸಾಲದ ಲೆಕ್ಕ ಕನ್ನಡದ ಮಾತಿನಲ್ಲೂ ಇದೆ. ನಾವು ಸಾಲ ತೀರಿಸುತ್ತೇವೆ, ಹಗೆಯನ್ನೂ ತೀರಿಸಿಕೊಳ್ಳುತ್ತೇವೆ. ತೆಲುಗಿನವರೂ ಪಗ ತೀರ್ಚುಕೊಳ್ಳುತ್ತಾರೆ. ಇದಕ್ಕಿಂತ ಚೆನ್ನಾದ ಉದಾಹರಣೆ ಮುಯ್ಯಿ. ನಮ್ಮೂರುಗಳ ಮದುವೆಯಲ್ಲಿ ಮುಯ್ಯಿ ಹಾಕುವುದು ಗೊತ್ತಲ್ಲ? ಯಾರು ಎಷ್ಟು ಹಾಕಿದರು ಅಂತ ಪುಸ್ತಕದಲ್ಲಿ ಬರೆದಿಡುತ್ತಾರೆ. ಅವರ ಮನೆಯ ಮದುವೆಗೆ ಹೋದಾಗ ಅಷ್ಟನ್ನೋ ಇನ್ನೂ ಸ್ವಲ್ಪ ಸೇರಿಸಿಯೋ ವಾಪಸ್ ಹಾಕಬೇಕು. ಅದೇ ಪದ "ಮುಯ್ಯಿಗೆ ಮುಯ್ಯಿ" ಅನ್ನುವಾಗ ಸೇಡು. ಪ್ರೀತಿಯಿಂದ ಕೊಟ್ಟದ್ದಕ್ಕೂ ಏಟಿಗೂ ಕನ್ನಡ ಒಂದೇ ಲೆಕ್ಕದ ಪುಸ್ತಕ ಇಟ್ಟಿದೆ. ಎರಡನ್ನೂ ತಿರುಗಿಸಿ ಕೊಡದೆ ಇದ್ದರೆ ಮನಸ್ಸಿಗೆ ಸಮಾಧಾನ ಇಲ್ಲ.

ಪತ್ರಿಕೆಗಳಲ್ಲಿ "ಹಳೇ ವೈಷಮ್ಯದ ಹಿನ್ನೆಲೆಯಲ್ಲಿ ಹಲ್ಲೆ" ಎಂದು ಓದುತ್ತೀರಿ. ವೈಷಮ್ಯದೊಳಗೆ ಇರುವುದು ವಿಷಮ, ಅಂದರೆ ಸಮ ಅಲ್ಲದ್ದು. ಹಳೆಯ ಧರ್ಮಶಾಸ್ತ್ರದಲ್ಲಿ ಹೆಚ್ಚುಕಡಿಮೆ ಮಾಡಿ ಹಂಚುವ ಪಾಲಿಗೆ ವಿಷಮ ವಿಭಾಗ ಎಂದೇ ಹೆಸರು. ನೋಡಿ, ಇಲ್ಲೂ ಮತ್ತೆ ಪಾಲಿನ ಬಾಗಿಲಿಗೇ ಬಂದು ನಿಂತೆವು.

ಬೇರೆ ಭಾಷೆಗಳು ಬೇರೆ ದಾರಿ ಹಿಡಿದಿವೆ. ಸಂಸ್ಕೃತದ "ಅಮಿತ್ರ" ಅಂದರೆ ಮಿತ್ರ ಅಲ್ಲದವನು, ಶತ್ರು. ಇಂಗ್ಲಿಷಿನ "ಎನಿಮಿ" ಕೂಡ ಲ್ಯಾಟಿನ್ ಮೂಲದಲ್ಲಿ ಗೆಳೆಯ ಅಲ್ಲದವನೇ. ನಿಮ್ಮ ಕಡೆ ಜಾಸ್ತಿ ಬಳಕೆಯಲ್ಲಿರುವ "ದುಶ್ಮನ್" ಪಾರಸಿಯದು. ಕೆಟ್ಟ ಮನಸ್ಸಿನವನು ಎಂಬುದು ಅದರ ಮೂಲ, ಸಂಸ್ಕೃತದ ದುರ್ಮನಸ್ ಅದರ ಸೋದರಸಂಬಂಧಿ. ಕನ್ನಡ ಗೆಳೆತನಕ್ಕೆ "ಅಲ್ಲ" ಸೇರಿಸಿ ಹಗೆಯನ್ನು ಹೇಳಲಿಲ್ಲ. ಎದುರಿನವನ ಮನಸ್ಸು ಕೆಟ್ಟದ್ದು ಎಂದೂ ಹೇಳಲಿಲ್ಲ. ಒಂದಾಗಿದ್ದದ್ದು ಸೀಳಿತು ಎಂದಿತು. ಯಾರ ತಪ್ಪು ಎಂಬ ಮಾತೇ ಈ ಪದದೊಳಗೆ ಇಲ್ಲ. ನನಗೆ ಈ ಪದದ ಮೇಲೆ ಇಷ್ಟೊಂದು ಗೌರವ ಇರುವುದು ಅದಕ್ಕೇ.

ಇನ್ನು ನಿಮ್ಮ ಗೆಳೆಯರ ಹೊಗೆ. ಕಿವಿಗೆ ಚೆನ್ನಾಗಿದೆ. ಹೊಗೆಯಾಡುವ ಸಿಟ್ಟು ಅನ್ನುತ್ತೇವೆ, ಹಾಗಾಗಿ ಅರ್ಥವೂ ಕೂಡಿ ಬರುತ್ತದೆ. ಆದರೆ ಇದು ತಪ್ಪು. ಹೊಗೆಯ ಹಳೆಯ ರೂಪ ಪೊಗೆ. ತಮಿಳಿನಲ್ಲಿ ಅದು ಪುಗೈ, ತೆಲುಗಿನಲ್ಲಿ ಪೊಗ. ಹಗೆ ಅಲ್ಲಿ ಪಗೈ, ಪಗ. ಪದಗಳು ಬಹಳ ಹಿಂದಿನಿಂದಲೂ ಬೇರೆ ಬೇರೆಯೇ ಇವೆ, ಎಲ್ಲ ಭಾಷೆಗಳಲ್ಲೂ ಬೇರೆಯಾಗೇ ಉಳಿದಿವೆ. ಇದೇ ಪರೀಕ್ಷೆಯನ್ನು ಇಂಥ ಬೇರೆ ಊಹೆಗಳಿಗೂ ಮಾಡಬಹುದು. ಎರಡು ಕನ್ನಡ ಪದಗಳು ಒಂದೇ ಅನಿಸಿದರೆ ಅವುಗಳ ನೆಂಟರನ್ನು ತಮಿಳು, ತೆಲುಗು, ತುಳುವಿನಲ್ಲಿ ಹುಡುಕಿ. ಅಲ್ಲೂ ಒಂದೇ ಆಗಿದ್ದರೆ ಮುಂದುವರಿಯಿರಿ, ಬೇರೆಯಾಗಿದ್ದರೆ ಬಿಟ್ಟುಬಿಡಿ.

ಜೋಳದ ಹಗೆಯೂ ಬೇರೆಯೇ ಪದ. ಇದಕ್ಕೆ ಒಂದು ಸುಲಭವಾದ ಗುರುತು ನಿಮ್ಮ ಪ್ರಶ್ನೆಯಲ್ಲೇ ಇದೆ. ಅಜ್ಜಿ ಗುಂಡಿಗೆ ಒಮ್ಮೆ ಹಗೆ, ಒಮ್ಮೆ ಹಗೇವು ಅನ್ನುತ್ತಿದ್ದರು ಎಂದು ಬರೆದಿದ್ದೀರಿ. ಈ "ವು" ಬಾಲ ಧಾನ್ಯದ ಗುಂಡಿಗೆ ಮಾತ್ರ ಇದೆ. "ಅವರಿಗೂ ನಮಗೂ ಹಗೇವು" ಅಂತ ಯಾರೂ ಎಲ್ಲೂ ಅನ್ನುವುದಿಲ್ಲ. ಆಡುವಾಗ ಆ ಬಾಲ ಉದುರಿ ಎರಡು ಪದಗಳು ಒಂದೇ ಸದ್ದಿಗೆ ಬಂದು ಕೂತಿವೆ. ಅಜ್ಜಿಗೆ ಇದರಿಂದ ಒಂದು ದಿನವೂ ಗೊಂದಲ ಆಗಿರಲಿಕ್ಕಿಲ್ಲ. ಜೋಳದ ಮಾತೋ ಜಗಳದ ಮಾತೋ ಎಂಬುದು ಮಾತಿನ ಸಂದರ್ಭದಲ್ಲೇ ತಿಳಿಯುತ್ತದೆ.

ಆದರೂ ಹಗೇವಿನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಈಗಿನ ಮಕ್ಕಳು ಅದನ್ನು ಕಂಡೇ ಇಲ್ಲ. ಉತ್ತರದಲ್ಲಿ ಜೋಳ, ದಕ್ಷಿಣದಲ್ಲಿ ರಾಗಿ ಇಡಲು ನೆಲದೊಳಗೆ ತೋಡಿದ ಉಗ್ರಾಣ ಅದು. ಬಾಯಿ ಕಿರಿದು, ಒಳಗೆ ಅಗಲ. ಸುತ್ತ ಹುಲ್ಲು ಹಾಸಿ, ಕಾಳು ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಾರೆ. ಒಳಗೆ ಗಾಳಿ ಆಡುವುದಿಲ್ಲ. ಕಾಳು ಉಸಿರಾಡಿ ಇದ್ದ ಆಮ್ಲಜನಕ ತೀರುತ್ತದೆ, ಹುಳು ಬದುಕಲಾರದು, ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಅದೇ ಕಾರಣಕ್ಕೆ ಬಾಯಿ ತೆಗೆದ ಕೂಡಲೇ ಯಾರೂ ಇಳಿಯಬಾರದು. ಗಾಳಿ ಆಡಲು ಬಿಟ್ಟು, ದೀಪ ಇಳಿಸಿ, ಅದು ಆರದೆ ಉರಿದರೆ ಮಾತ್ರ ಆಳು ಇಳಿಯುತ್ತಾನೆ. ಈ ಎಚ್ಚರ ತಪ್ಪಿ ಪ್ರಾಣ ಕಳೆದುಕೊಂಡವರಿದ್ದಾರೆ.

ಕೊನೆಗೆ ಮಗಳ ಪುಸ್ತಕ. "ಹಗೆ = ದ್ವೇಷ" ಎಂಬುದು ಪೂರ್ತಿ ತಪ್ಪಲ್ಲ. ಸಾವಿರ ವರ್ಷದಲ್ಲಿ ಅರ್ಥಗಳು ಒಂದರೊಳಗೊಂದು ಹರಿದು ಬೆರೆತಿವೆ, ಇವತ್ತು ಹಗೆ ಅನ್ನುವ ಎಷ್ಟೋ ಜನ ದ್ವೇಷ ಎಂದೇ ತಿಳಿದು ಹೇಳುತ್ತಾರೆ. ಆದರೆ ಆ ಅರ್ಥ ಸಾಲದು. ಹಗೆಗೆ ಇನ್ನೊಂದು ಅರ್ಥ ಇದೆ, ಅದನ್ನು ಪುಸ್ತಕ ಬಿಟ್ಟಿದೆ. ಹಗೆ ಅಂದರೆ ಶತ್ರು ಎಂದೂ ಆಗುತ್ತದೆ. ಹಗೆಯನ್ನು ಗೆದ್ದ ಅಂದರೆ ಶತ್ರುವನ್ನು ಗೆದ್ದ. ಹಗೆತನ ಎಂಬ ಪದ ಹುಟ್ಟಿದ್ದೇ ಹೀಗೆ. ಹಗೆ ಅಂದರೇ ಶತ್ರುತ್ವ ಆಗಿದ್ದಾಗ ಮತ್ತೆ "ತನ" ಯಾಕೆ ಬೇಕು ಅಂತ ಮಗಳು ಕೇಳಿದರೆ ಹೇಳಿ: ಹಿರಿಯನ ಗುಣ ಹಿರಿತನ, ಹಗೆಯಾದವನ ಗುಣ ಹಗೆತನ. ಎಫ್. ಕಿಟೆಲ್ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ನಿಘಂಟು ಈಗ ಅಂತರ್ಜಾಲದಲ್ಲಿ ಸಿಗುತ್ತದೆ. ಹಗೆ ಇರುವ ಪುಟ ತೆಗೆದು ಮಗಳ ಜೊತೆ ಕೂತು ಓದಿ.

ನಿಮ್ಮ ಅಜ್ಜಿಯ ಓರಗೆಯವರು ಊರಲ್ಲಿ ಯಾರಾದರೂ ಇದ್ದರೆ ನನ್ನದೊಂದು ಕೋರಿಕೆ. ಹಗೇವಿನ ಬಾಯಿಗೆ, ಮುಚ್ಚುವ ಕಲ್ಲಿಗೆ, ಒಳಗೆ ಇಳಿಯುವ ಆಳಿಗೆ, ಕೆಟ್ಟ ಗಾಳಿಗೆ ಅವರು ಏನೇನು ಅನ್ನುತ್ತಾರೆ ಅಂತ ಕೇಳಿ, ಹೇಳಿದ ಹಾಗೇ ಬರೆದು ಕಳಿಸಿ. ಹಗೆಗೆ ಸಂಬಂಧಿಸಿದ ಪದಗಳನ್ನು ಕಾವ್ಯಗಳು ಉಳಿಸಿವೆ. ಹಗೇವಿನ ಪದಗಳನ್ನು ಉಳಿಸಿಕೊಂಡಿರುವವರು ನಿಮ್ಮೂರಿನ ಹಿರಿಯರೇ.